ಕಂಬ ಹತ್ತುವ ದಿನ ತೆಂಗಿನೆಣ್ಣೆ ಬೇಡ: ಕರಾವಳಿಯಲ್ಲಿ ಪೋಲ್ ಡ್ಯಾನ್ಸ್ ಕಲಿಯುವವರಿಗೆ

ಪೋಲ್ ಡ್ಯಾನ್ಸ್, ಅಂದರೆ ನೆಟ್ಟಗೆ ನಿಲ್ಲಿಸಿದ ಲೋಹದ ಕಂಬ ಹತ್ತಿ, ಅದರ ಸುತ್ತ ತಿರುಗಿ ಕುಣಿಯುವುದು, ಕಲಿಯಬೇಕು ಅಂತಿದ್ದೀರಾ? ಮೊದಲ ಪಾಠ ಬಚ್ಚಲುಮನೆಯಲ್ಲಿದೆ. ಅಭ್ಯಾಸದ ದಿನ ಮೈಗೆ ಎಣ್ಣೆ ಹಚ್ಚಬೇಡಿ. ತಲೆಗೂ ಬೇಡ. ಹಿಂದಿನ ರಾತ್ರಿ ಹಚ್ಚಿದ ಎಣ್ಣೆಯೂ ಜಡೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕೈಗೆ, ಕೈಯಿಂದ ಕಂಬಕ್ಕೆ ಬರುತ್ತದೆ. ಆಮೇಲೆ ಕಂಬದಲ್ಲಿ ನೀವು ನಿಲ್ಲುವುದಿಲ್ಲ, ಜಾರುತ್ತೀರಿ.

ನಾನು ಹಾಗೆ ಜಾರಿ ಕುಂಡೆ ಊರಿ ಕೂತವಳು. ಶಿರಸಿ ಕಡೆಯ ಮನೆಯಲ್ಲಿ ಬೆಳೆದವಳಿಗೆ ಎಣ್ಣೆಸ್ನಾನ ಬಿಡುವುದು ಅಷ್ಟು ಸುಲಭವಲ್ಲ. ಕೊನೆಗೆ ಅಮ್ಮನ ಜೊತೆ ಒಪ್ಪಂದ ಮಾಡಿಕೊಂಡೆ. ಶನಿವಾರ ಎಣ್ಣೆ, ಭಾನುವಾರ ಸೀಗೆಪುಡಿ ಹಾಕಿ ಸ್ನಾನ, ಕಂಬ ಮಂಗಳವಾರ ಮತ್ತು ಶುಕ್ರವಾರ.

ಈ ಎಣ್ಣೆಯ ಮಾತು ಯಾಕೆ ಮೊದಲು ಬಂತು ಅಂದರೆ, ಪೋಲ್ ಡ್ಯಾನ್ಸಿನಲ್ಲಿ ಚರ್ಮವೇ ಬ್ರೇಕು. ಕೈ ಬಿಟ್ಟಾಗ ನಿಮ್ಮನ್ನು ಕಂಬಕ್ಕೆ ಅಂಟಿಸಿಡುವುದು ತೊಡೆಯ ಒಳಭಾಗ, ಮೊಣಕಾಲಿನ ಹಿಂಭಾಗ, ಕಂಕುಳು, ಸೊಂಟದ ಪಕ್ಕ. ಬಟ್ಟೆ ಜಾರುತ್ತದೆ, ಚರ್ಮ ಹಿಡಿಯುತ್ತದೆ. ಇದೊಂದು ಗೊತ್ತಾದರೆ ಚಡ್ಡಿ ಯಾಕೆ, ಮಳೆಗಾಲದಲ್ಲಿ ಕಷ್ಟ ಯಾಕೆ, ಮೈ ಯಾಕೆ ನೀಲಿ ಆಗುತ್ತದೆ ಎಂಬ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ.

ಇದು ಯಾವ ಕಂಬ?

ಇತಿಹಾಸವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಮನೆಯಲ್ಲಿ ವಾದ ಬಂದಾಗ ಬೇಕಾಗುತ್ತದೆ. ಈಗಿನ ಪೋಲ್ ಡ್ಯಾನ್ಸ್ ಬೆಳೆದದ್ದು ಅಮೆರಿಕ, ಕೆನಡಾದ ಬಟ್ಟೆ ಕಳಚಿ ಕುಣಿಯುವ ನೈಟ್ ಕ್ಲಬ್ಬುಗಳಲ್ಲಿ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. 1990ರ ದಶಕದಲ್ಲಿ ಅಲ್ಲಿನ ಕಲಾವಿದೆಯರೇ ಹೊರಗಿನ ಹೆಂಗಸರಿಗೆ ಪಾಠ ಹೇಳಲು ಶುರುಮಾಡಿದರು. 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಕ್ರೀಡಾ ಒಕ್ಕೂಟ ಹುಟ್ಟಿತು. ಸ್ಪರ್ಧೆಯಲ್ಲಿ ಎರಡು ಕಂಬ ಇರುತ್ತವೆ. ಒಂದು ತಿರುಗದ್ದು, ಇನ್ನೊಂದು ನಮ್ಮ ಜೊತೆ ತಿರುಗುವಂಥದ್ದು. ಸಾಮಾನ್ಯ ದಪ್ಪ 45 ಮಿಲಿಮೀಟರ್.

ನಮ್ಮಲ್ಲಿ ಕಂಬ ಇನ್ನೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲೇ ಜಟ್ಟಿಗಳ ಕಂಬದ ಅಭ್ಯಾಸದ ಮಾತು ಬರುತ್ತದೆ. ಈ ಕಂಬದ ಕಸರತ್ತಿಗೆ ಮಲ್ಲಕಂಬ ಅನ್ನುತ್ತಾರೆ, ಅದು 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಇತ್ತು. ಆದರೆ ಎರಡೂ ಒಂದೇ ಅಲ್ಲ. ಮಲ್ಲಕಂಬ ಮರದ್ದು, ದಪ್ಪ, ಮೇಲೆ ಹೋದಂತೆ ಸಣ್ಣ, ಅದಕ್ಕೆ ಹರಳೆಣ್ಣೆ ಸವರುತ್ತಾರೆ. ನಮ್ಮ ಉಕ್ಕಿನ ಕಂಬಕ್ಕೆ ಎಣ್ಣೆ ಅಂದರೆ ವೈರಿ. "ಇದು ನಮ್ಮ ಮಲ್ಲಕಂಬವೇ" ಅಂತ ಸುಳ್ಳು ಹೇಳಿ ಅಪ್ಪನನ್ನು ಒಪ್ಪಿಸಬೇಡಿ. ಅಕ್ಕತಂಗಿಯರ ಹಾಗೆ ಅನ್ನಿ, ಸಾಕು.

ನನಗೆ ಈ ಕಂಬ ಸಿಕ್ಕಿದ್ದು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ. ಆದರೆ ಮೊದಲ ಸಲ ಒಬ್ಬಳು ಕಾಲು ಮಡಿಸಿ ಮೇಲೇರಿದ್ದನ್ನು ನೋಡಿದಾಗ ನೆನಪಾದದ್ದು ನಮ್ಮ ತೋಟದ ಕೊನೆಗೌಡ. ಕಾಲಿಗೆ ತಳೆ (ಎರಡೂ ಪಾದ ಸೇರಿಸುವ ಹಗ್ಗದ ಬಳೆ) ಹಾಕಿ, ಮಂಡಿ ಅಗಲಿಸಿ, ಎದ್ದು, ಕೈ ಮೇಲೆ ಹಾಕಿ, ಮತ್ತೆ ಮಂಡಿ ಎಳೆದುಕೊಂಡು ಅಡಿಕೆ ಮರ ಏರುವ ಅದೇ ಲಯ. ಅವರಿಗೆ ಅದು ಹೊಟ್ಟೆಪಾಡು, ನಮಗೆ ಹವ್ಯಾಸ. ಅದನ್ನು ಮರೆಯಬಾರದು. ಆದರೆ ದೇಹದ ಲೆಕ್ಕ ಒಂದೇ: ಭಾರ ಹೊರುವುದು ಕಾಲು, ಕೈ ಬರೀ ಜಾಗ ಹಿಡಿದಿಡುತ್ತದೆ.

ಕಂಬ ಮುಟ್ಟುವ ಮೊದಲಿನ ನಾಲ್ಕು ವಾರ

ಇದನ್ನು ಎಲ್ಲರೂ ಹಾರಿಸುತ್ತಾರೆ. ನಾನೂ ಹಾರಿಸಿದೆ. ದಯವಿಟ್ಟು ನೀವು ಹಾರಿಸಬೇಡಿ.

ಗಟ್ಟಿಯಾದ ಒಂದು ಸರಳು ಹುಡುಕಿ. ಉದ್ಯಾನದ ಕಸರತ್ತಿನ ಸರಳಾದರೂ ಸರಿ. ಅದಕ್ಕೆ ಜೋತುಬೀಳಿ, ಹತ್ತು ಸೆಕೆಂಡು. ಈಗ ಕೈ ಮಡಿಸದೆ ಭುಜಗಳನ್ನು ಮಾತ್ರ ಕಿವಿಯಿಂದ ಕೆಳಗೆ ಎಳೆದುಕೊಳ್ಳಿ. ಮೈ ಒಂದೆರಡು ಇಂಚು ಮೇಲೆ ಬರುತ್ತದೆ. ಇಷ್ಟೇ. ಈ ಒಂದು ಎಳೆತ ಬಂದರೆ ಭುಜ ಉಳಿಯುತ್ತದೆ. ಬರದಿದ್ದರೆ ಕಂಬದಲ್ಲಿ ನೇತಾಡುವಾಗ ಇಡೀ ಭಾರ ಕೀಲಿನ ನಾರುಗಳ ಮೇಲೆ ಬೀಳುತ್ತದೆ. ದಿನಾ ಐದು ಸಲ ಮಾಡಿ. ಜೊತೆಗೆ ಮುಂಗೈ ಊರಿ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್, ಬೈಠಕ್, ಮಣಿಕಟ್ಟು ತಿರುಗಿಸುವುದು. ಒದ್ದೆ ಬಟ್ಟೆ ಹಿಂಡುವುದು ಕೂಡ ಮುಂಗೈಗೆ ಒಳ್ಳೆಯ ವ್ಯಾಯಾಮ. ವಾಷಿಂಗ್ ಮಷಿನ್‌ಗೆ ಸ್ವಲ್ಪ ರಜೆ ಕೊಡಿ.

ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು, ಭುಜ ಅಥವಾ ಕುತ್ತಿಗೆ ನೋವಿರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಮೊದಲು ಡಾಕ್ಟರನ್ನು ಕೇಳಿ. ಕಣ್ಣಿನ ಒತ್ತಡದ ಕಾಯಿಲೆ ಇದ್ದರೆ ತಲೆಕೆಳಗಾಗುವ ಭಂಗಿ ಬೇಡವೇ ಬೇಡ. ದಪ್ಪ, ವಯಸ್ಸು ಇವೆಲ್ಲ ಅಡ್ಡಿಯಲ್ಲ. ನನ್ನ ಜೊತೆ ಕಲಿತವರಲ್ಲಿ ಐವತ್ತು ದಾಟಿದವರಿದ್ದರು.

ಯಾರಿಂದ ಕಲಿಯುವುದು?

ಮೊದಲ ಎರಡು ಮೂರು ತಿಂಗಳು ಎದುರಿಗೆ ನಿಂತು ಹೇಳಿಕೊಡುವ ಒಬ್ಬರು ಬೇಕು. ವಿಡಿಯೋ ನೋಡಿ ಕಲಿಯಬಹುದು ಅನ್ನುವವರನ್ನು ನಾನು ನಂಬುವುದಿಲ್ಲ. ನಿಮ್ಮ ಭುಜ ಮೇಲೆದ್ದಿದೆ ಅಂತ ವಿಡಿಯೋ ಹೇಳುವುದಿಲ್ಲವಲ್ಲ. ಕಾರವಾರ, ಶಿರಸಿಯವರು ಇದಕ್ಕೆ ದೊಡ್ಡ ಊರಿಗೆ ಹೋಗುವುದೇ ಒಳ್ಳೆಯದು. ರಜೆ ಹಾಕಿ ಎರಡು ವಾರ ಒಟ್ಟಿಗೆ ಕಲಿಯಿರಿ, ಇಲ್ಲವೇ ತಿಂಗಳಿಗೊಮ್ಮೆ ಹೋಗಿಬನ್ನಿ.

ಸ್ಟುಡಿಯೋ ನೋಡಲು ಹೋದಾಗ ಮೂರು ವಿಷಯ ಗಮನಿಸಿ. ಕಂಬದ ಕೆಳಗೆ ಹಾಕಲು ದಪ್ಪ ಮ್ಯಾಟ್ ಇದೆಯಾ? ಮೈ ಬಿಸಿ ಮಾಡಲು ಕನಿಷ್ಠ ಹದಿನೈದು ನಿಮಿಷ ಕೊಡುತ್ತಾರಾ? ಹೊಸಬರನ್ನು ತಲೆಕೆಳಗೆ ಮಾಡಲು ಅವಸರ ಮಾಡುತ್ತಾರಾ? ನಾನು ಮೊದಲು ಸೇರಿದ ಜಾಗದಲ್ಲಿ ಮೂರನೇ ವಾರಕ್ಕೇ ತಲೆಕೆಳಗೆ ಮಾಡಿಸಿದರು. ಫೋಟೋ ಚೆನ್ನಾಗಿ ಬಂತು. ಬಲ ಭುಜ ಎರಡು ತಿಂಗಳು ಮೇಲೆತ್ತಲು ಆಗಲಿಲ್ಲ. ತಲೆ ಬಾಚಿಕೊಳ್ಳಲು ತಂಗಿಯನ್ನು ಕರೆಯಬೇಕಿತ್ತು. ತಪ್ಪು ಅವರದ್ದಷ್ಟೇ ಅಲ್ಲ, ಫೋಟೋ ಬೇಕು ಅಂದವಳು ನಾನೂ ಹೌದು.

ಮನೆಯಲ್ಲಿ ಕಂಬ: ಮೊದಲು ಸೂರು ನೋಡಿ

ಮನೆಗೆ ತರುವ ಕಂಬದಲ್ಲಿ ಹೆಚ್ಚಿನವು ಒತ್ತಿ ನಿಲ್ಲಿಸುವಂಥವು. ಕೆಳಗಿನ ತಿರುಪು ತಿರುಗಿಸಿದರೆ ಕಂಬ ಉದ್ದವಾಗಿ ನೆಲವನ್ನೂ ಸೂರನ್ನೂ ಒತ್ತುತ್ತದೆ. ಆ ಒತ್ತಡದಲ್ಲೇ ಅದು ನಿಲ್ಲುವುದು. ಅಂದರೆ ಸೂರು ತಿರುಗಿ ಒತ್ತಬೇಕು. ಹಂಚಿನ ಮನೆಯಲ್ಲಿ ಇದು ಆಗದ ಮಾತು.

ನಾನು ಪ್ರಯತ್ನ ಮಾಡಿದ್ದೇನೆ. ಶಿರಸಿ ಮನೆಯ ಮೆತ್ತಿನ ಕೆಳಗೆ, ಒಳ್ಳೆ ಗಟ್ಟಿ ಜಂತಿ ನೋಡಿ ಕಂಬ ಒತ್ತಿ ನಿಲ್ಲಿಸಿದೆ. ಎರಡು ದಿನ ಕಲ್ಲಿನ ಹಾಗೆ ನಿಂತಿತ್ತು. ಮೂರನೇ ದಿನ ತಿರುಗುವಾಗ ಮೇಲಿನ ತಟ್ಟೆ ಸರಿಯಿತು. ಮರ ಮಳೆಗಾಲಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಉಕ್ಕಿಗೆ ಅದು ಗೊತ್ತಿಲ್ಲ. ಅದೃಷ್ಟಕ್ಕೆ ನಾನು ನೆಲದಿಂದ ಒಂದಡಿ ಎತ್ತರದಲ್ಲಿದ್ದೆ. ಕಂಬ ಅಕ್ಕಿ ಡಬ್ಬದ ಮೇಲೆ ಬಿತ್ತು.

ಹಾಗಾಗಿ ತಾರಸಿ ಮನೆಯೇ ಬೇಕು. ಅದರಲ್ಲೂ ಕಾರವಾರ, ಅಂಕೋಲಾ, ಕುಮಟಾದಂಥ ಕಡಲ ಪಕ್ಕದ ಊರಲ್ಲಿ ಇನ್ನೊಂದು ಪರೀಕ್ಷೆ ಇದೆ. ಉಪ್ಪು ಗಾಳಿಗೆ ಹಳೆಯ ಸ್ಲ್ಯಾಬಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಆಗ ಗಿಲಾವು ಸಿಡಿಯುತ್ತದೆ. ಸೂರಿನಲ್ಲಿ ಕಂದು ಗೆರೆ, ಉಬ್ಬು, ಉದುರಿದ ಗಿಲಾವು ಕಂಡರೆ ಅಲ್ಲಿ ಕಂಬ ಬೇಡ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೂ ಬೇಡ. ಪಿಒಪಿ ಸೂರಿನ ಮಾತೇ ಇಲ್ಲ. ಸಾಧ್ಯವಾದರೆ ಕಾಂಕ್ರೀಟ್ ತೊಲೆಯ ಕೆಳಗೆ ನಿಲ್ಲಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ, ಸೂರಿನ ಮೇಲೆ ದುಂಡು ಗುರುತು ಉಳಿಯುತ್ತದೆ.

ಸುತ್ತ ಎಲ್ಲ ಕಡೆ ಐದಡಿ ಖಾಲಿ ಇರಲಿ. ಟಿವಿ, ದೇವರ ಗೂಡು, ಫ್ಯಾನಿನ ರೆಕ್ಕೆ, ಮೂರನ್ನೂ ಅಳೆದು ನೋಡಿ. ಮೇಸ್ತ್ರಿಗಳ ಮಟ್ಟಗೋಲು ಹಿಡಿದು ಎರಡು ದಿಕ್ಕಿನಿಂದ ಕಂಬ ನೆಟ್ಟಗಿದೆಯಾ ಪರೀಕ್ಷಿಸಿ. ಪ್ರತಿ ಸಲ ಹತ್ತುವ ಮೊದಲು ಜೋರಾಗಿ ಅಲ್ಲಾಡಿಸಿ. ಹಂಚಿನ ಮನೆಯವರಿಗೆ ದಾರಿಯೇ ಇಲ್ಲ ಅಂತಲ್ಲ. ಅಗಲದ ಕಬ್ಬಿಣದ ಪೀಠದ ಮೇಲೆ ತಾನೇ ನಿಲ್ಲುವ ಸ್ಟೇಜ್ ಕಂಬ ಸಿಗುತ್ತದೆ. ದುಬಾರಿ, ಭಾರ ಜಾಸ್ತಿ, ಆದರೆ ಸೂರಿನ ಹಂಗಿಲ್ಲ. ಅಡಿಕೆ ಮರದ ಮೇಲೆ ಅಭ್ಯಾಸ ಮಾಡೋಣ ಅಂತ ಮಾತ್ರ ಹೊರಡಬೇಡಿ. ಪಾಚಿ ಕಟ್ಟಿದ ಮರ ಯಾರನ್ನೂ ಕ್ಷಮಿಸುವುದಿಲ್ಲ.

ಲೋಹದ ಆಯ್ಕೆ: ಕ್ರೋಮ್ ಎಲ್ಲ ಕಡೆ ಸಿಗುತ್ತದೆ, ಆದರೆ ಉಪ್ಪು ಗಾಳಿಗೆ ಲೇಪ ಏಳುವ ಭಯ ಇದೆ. ಸ್ಟೇನ್‌ಲೆಸ್ ಸ್ಟೀಲ್ ಬಾಳಿಕೆ ಬರುತ್ತದೆ, ಹಿಡಿತ ಸ್ವಲ್ಪ ಕಡಿಮೆ. ಹಿತ್ತಾಳೆ ಬೆವರು ಕೈಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಕಪ್ಪಾಗುತ್ತದೆ. ನನ್ನದು ಸ್ಟೀಲ್. ಹಿತ್ತಾಳೆ ಕೊಳ್ಳಬೇಕಿತ್ತು ಅಂತ ಪ್ರತಿ ಜೂನ್‌ನಲ್ಲಿ ಅನ್ನಿಸುತ್ತದೆ.

ಮಳೆಗಾಲದ ಕಂಬ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಹಪ್ಪಳ, ಪುಸ್ತಕ ಎಲ್ಲವೂ ಮೆತ್ತಗಾಗುತ್ತವೆ. ಕಂಬದ ಮೇಲೂ ತೆಳ್ಳಗೆ ನೀರು ಕೂರುತ್ತದೆ. ಒಂದು ಮಳೆಗಾಲ ನಾನು ಕೋಣೆಗೆ ಬಂದು ನೋಡಿದರೆ ಅಮ್ಮ ಕಂಬಕ್ಕೂ ಕಿಟಕಿಗೂ ಹಗ್ಗ ಕಟ್ಟಿ ಲಂಗ, ಟವೆಲ್ಲು ಒಣಹಾಕಿದ್ದಳು. "ಸುಮ್ನೆ ನಿಂತಿತ್ತಲ್ಲ" ಅಂದಳು.

ನಾನು ಮಾಡುವುದು ಹೀಗೆ. ಅರ್ಧ ಗಂಟೆ ಮೊದಲೇ ಫ್ಯಾನ್ ಹಾಕುತ್ತೇನೆ. ಹತ್ತಿ ಬಟ್ಟೆಗೆ ಸ್ಪಿರಿಟ್ ಹಾಕಿ ಕಂಬವನ್ನು ಮೇಲಿಂದ ಕೆಳಗೆ ಒರೆಸುತ್ತೇನೆ, ಆಮೇಲೆ ಒಣ ಬಟ್ಟೆಯಲ್ಲಿ ಉಜ್ಜುತ್ತೇನೆ. ಉಜ್ಜಿದರೆ ಕಂಬ ಬೆಚ್ಚಗಾಗುತ್ತದೆ, ಬೆಚ್ಚಗಿನ ಲೋಹ ಹೆಚ್ಚು ಹಿಡಿಯುತ್ತದೆ. ಕಿಟಕಿ ತೆರೆದಿರಲಿ. ಕರೆಂಟು ಹೋಗಿ ಮೇಣದಬತ್ತಿ ಹಚ್ಚಿದ್ದರೆ ಸ್ಪಿರಿಟ್ ಬಾಟಲಿ ಮುಟ್ಟಲೇಬೇಡಿ, ಫಕ್ಕನೆ ಹೊತ್ತಿಕೊಳ್ಳುತ್ತದೆ. ಅಂಗೈಗೆ ದ್ರವರೂಪದ ಚಾಕ್ ಹಚ್ಚಿದರೆ ಅದು ಬೆವರು ಹೀರಿಕೊಳ್ಳುತ್ತದೆ. ಆದರೂ ಜಾರುವ ದಿನ ಬರುತ್ತದೆ. ಆವತ್ತು ಹತ್ತಬೇಡಿ, ನೆಲದ ವ್ಯಾಯಾಮ ಮಾಡಿ.

ವಿಚಿತ್ರ ಅಂದರೆ ಶಿರಸಿಯ ಡಿಸೆಂಬರ್ ಚಳಿಯಲ್ಲೂ ಜಾರುತ್ತದೆ. ಒಣಗಿದ ಚರ್ಮಕ್ಕೂ ಹಿಡಿತ ಇಲ್ಲ. ಹಾಗಂತ ಕ್ರೀಮು ಹಚ್ಚಬೇಡಿ. ಸಣ್ಣಗೆ ಬೆವರು ಬರುವವರೆಗೆ ಮೈ ಬಿಸಿ ಮಾಡಿಕೊಳ್ಳಿ.

ಮೊದಲ ಎರಡು ತಿಂಗಳು

ವಾರಕ್ಕೆ ಎರಡೇ ದಿನ, ಒಂದೊಂದು ಗಂಟೆ. ನಡುವೆ ಬಿಡುವು ಇರಲಿ. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಅದನ್ನು ಎಲುಬಿಗೆ ಕಟ್ಟಿರುವ ನಾರು ಬಲಿಯಲು ತಿಂಗಳುಗಳೇ ಬೇಕು. "ಈಗ ಶಕ್ತಿ ಬಂತು" ಅನ್ನಿಸುವ ಹೊತ್ತಿಗೇ ಮೊಣಕೈ ಒಳಬದಿಯ ನೋವು ಶುರುವಾಗುವುದು ಇದಕ್ಕೇ.

ಬಳೆ, ಉಂಗುರ, ಕಾಲುಂಗುರ, ಗೆಜ್ಜೆ, ಸರ ಎಲ್ಲ ತೆಗೆಯಿರಿ. ಕಂಬಕ್ಕೆ ಗೀರು ಬೀಳುತ್ತದೆ, ಬೆರಳೂ ಸಿಕ್ಕಿಹಾಕಿಕೊಳ್ಳುತ್ತದೆ. ಮಂಗಳಸೂತ್ರ ತೆಗೆಯಲು ಮನಸ್ಸು ಬಾರದ ಗೆಳತಿಯೊಬ್ಬಳು ಅದನ್ನು ಟೀಶರ್ಟಿನ ಒಳಗೆ ಪಿನ್ ಹಾಕಿ ಬಂದಳು. ಪಿನ್ ಬಿಚ್ಚಿಕೊಂಡಿತು. ಈಗ ದೇವರ ಮುಂದೆ ಇಟ್ಟು ಬರುತ್ತಾಳೆ.

ಮೊದಲು ಕಂಬ ತಿರುಗದಂತೆ ಬಿಗಿ ಮಾಡಿ, ಸುತ್ತ ನಡೆಯಿರಿ. ನಗು ಬರುತ್ತದೆ, ಬರಲಿ. ಕಂಬದ ಪಕ್ಕದ ಕೈ ತಲೆಯ ಮೇಲೆ, ಹಿಡಿದು ಮೈಯನ್ನು ಹೊರಗೆ ವಾಲಿಸಿ. ಭುಜ ಕೆಳಗೆ. ಈ ನಡಿಗೆಯಲ್ಲೇ ಭಾರ ಎಲ್ಲಿ ಹೋಗುತ್ತದೆ ಅಂತ ತಿಳಿಯುವುದು.

ಆಮೇಲೆ ಮೊದಲ ಸುತ್ತು, ಫೈರ್‌ಮನ್. ಒಳಗಿನ (ಕಂಬದ ಪಕ್ಕದ) ಕೈ ಮೇಲೆ, ಹೊರಗಿನ ಕೈ ಎದೆಯ ಮಟ್ಟಕ್ಕೆ. ಒಳಗಿನ ಕಾಲಿನಿಂದ ಹೆಜ್ಜೆ, ಹೊರಗಿನ ಕಾಲನ್ನು ಬಾಗಿಲು ತೆರೆದಂತೆ ಅಗಲಕ್ಕೆ ಬೀಸಿ, ಸಣ್ಣಗೆ ಜಿಗಿದು ಎರಡೂ ಮಂಡಿಗಳಲ್ಲಿ ಕಂಬ ಅವುಚಿಕೊಳ್ಳಿ. ಹೆಚ್ಚಿನವರು ಮೇಲಕ್ಕೆ ಜಿಗಿಯುತ್ತಾರೆ. ಬೇಕಾದದ್ದು ಸುತ್ತ ಹೋಗುವ ಬೀಸು. ಎರಡೂ ಬದಿಯಿಂದ ಮಾಡಿ, ಎಡದ್ದು ಎಷ್ಟೇ ಕೆಟ್ಟದಾಗಿ ಬಂದರೂ.

ಮೂರನೇ ವಾರದ ಹೊತ್ತಿಗೆ ಹತ್ತುವುದು. ಒಂದು ಪಾದ ಮಡಿಸಿ ಕಂಬಕ್ಕೆ ಅಡ್ಡ ಇಡಿ, ಮೊಣಕಾಲಿನ ಕೆಳಗಿನ ಮುಂಭಾಗ ಕಂಬಕ್ಕೆ ತಾಗಬೇಕು. ಇನ್ನೊಂದು ಕಾಲು ಹಿಂದಿನಿಂದ ಒತ್ತಲಿ. ಮಂಡಿ ಹಿಂಡಿ, ಎದ್ದು ನಿಲ್ಲಿ. ಕೈ ಎಳೆಯುವುದಲ್ಲ, ಕಾಲು ಎತ್ತುವುದು. ಕೊನೆಗೌಡರನ್ನು ನೆನೆಯಿರಿ.

ಆಮೇಲೆ ಕೂರುವುದು. ತೊಡೆ ಹೆಣೆದು, ಕೈ ಬಿಟ್ಟು, ಕಂಬದ ಮೇಲೆ ಕೂರುವುದು. ಇದು ನೋಯುತ್ತದೆ. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬರುತ್ತದೆ. ಕೂರುವ ಮೊದಲು ತೊಡೆಯ ಮಾಂಸವನ್ನು ಕೈಯಿಂದ ಬದಿಗೆ ಎಳೆದು ಕೂತರೆ ಚಿವುಟುವುದು ಕಡಿಮೆ. ಒಂದೆರಡು ತಿಂಗಳಲ್ಲಿ ಆ ಜಾಗಕ್ಕೆ ಅಭ್ಯಾಸವಾಗುತ್ತದೆ.

ತಿರುಗುವ ಕಂಬಕ್ಕೆ ಆಮೇಲೆ ಬನ್ನಿ. ಕೈಕಾಲು ಒಳಗೆ ಎಳೆದರೆ ವೇಗ ಏರುತ್ತದೆ, ಹೊರಗೆ ಚಾಚಿದರೆ ಇಳಿಯುತ್ತದೆ. ತಲೆ ಸುತ್ತಿದರೆ ಗೋಡೆ ನೋಡಬೇಡಿ, ನಿಮ್ಮ ಕೈಯನ್ನೇ ನೋಡಿ. ಊಟ ಆಗಿ ಎರಡು ಗಂಟೆ ಕಳೆದಿರಲಿ. ಬಂಗಡೆ ಸಾರು ಉಂಡು ತಿರುಗಿದ್ದು ನನಗೆ ಒಂದು ಪಾಠ.

ಮೈ ಮೇಲಿನ ನೀಲಿ, ಮನೆಯವರ ಪ್ರಶ್ನೆ

ತೊಡೆ, ಮೊಣಗಂಟು, ಕಂಕುಳಲ್ಲಿ ನೀಲಿ ಕಲೆ ಬರುತ್ತದೆ. ಮೊದಲ ದಿನ ತಣ್ಣೀರ ಬಟ್ಟೆ ಇಡಿ. ಒಂದೆರಡು ವಾರದಲ್ಲಿ ಹಳದಿಯಾಗಿ ಹೋಗುತ್ತದೆ. ಊದಿದರೆ, ಜೋಮು ಹಿಡಿದರೆ, ಕೀಲಿನೊಳಗೆ ಚುಚ್ಚಿದರೆ ಅದು ಕಲೆಯಲ್ಲ, ಗಾಯ. ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮನೆಯವರಿಗೆ ಮೊದಲೇ ಹೇಳಿಡಿ. ನನ್ನ ತೊಡೆ ನೋಡಿ ಅತ್ತೆ ನನ್ನ ಗಂಡನನ್ನು ಒಳಗೆ ಕರೆದು ವಿಚಾರಿಸಿದ್ದರು.

ಅಜ್ಜ ಅಂದದ್ದು, "ಇದೇನೇ ಡೊಂಬರಾಟ!" ಒಂದು ಸಮುದಾಯ ಊರೂರು ಸುತ್ತಿ, ಕಂಬ ಹತ್ತಿ, ಹಗ್ಗದ ಮೇಲೆ ನಡೆದು ಬದುಕಿದ ವಿದ್ಯೆಯನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಒಂದು ಸಲ ಕಂಬದಲ್ಲಿ ನೇತಾಡಿದ ಮೇಲೆ ಆ ಮಾತನ್ನು ಬೈಗುಳವಾಗಿ ಆಡಲು ನನಗೆ ಆಗಿಲ್ಲ.

ಚಡ್ಡಿಯ ವಿಷಯ ಇನ್ನೂ ದೊಡ್ಡದು ಅಲ್ವಾ? ನಾನು ಕಾರವಾರದ ಟಾಗೋರ್ ಕಡಲತೀರದಲ್ಲೂ ಚೂಡಿದಾರ ಮಡಿಸದೆ ನೀರಿಗೆ ಇಳಿಯುತ್ತಿದ್ದವಳು. ಮೊದಲ ವಾರ ಉದ್ದ ಪ್ಯಾಂಟಿನಲ್ಲೇ ಹೋದೆ. ಹತ್ತಲು ಆಗಲಿಲ್ಲ, ಸರ್ರನೆ ಇಳಿದೆ. ಮುಂದಿನ ವಾರ ಪ್ಯಾಂಟು ಮಂಡಿಯವರೆಗೆ ಏರಿತು, ಆಮೇಲೆ ಚಡ್ಡಿ ಬಂತು. ನಾಚಿಕೆ ಹೋಗಿದ್ದು ಧೈರ್ಯದಿಂದ ಅಲ್ಲ, ಬೀಳುವ ಭಯದಿಂದ. ಮೊದಲು ಕನ್ನಡಿಯಲ್ಲಿ ನನ್ನ ತೊಡೆ ದಪ್ಪ ಕಾಣುತ್ತಿತ್ತು. ಈಗ ಅದೇ ತೊಡೆ ನನ್ನನ್ನು ಏಳಡಿ ಎತ್ತರದಲ್ಲಿ ಹಿಡಿದಿಡುತ್ತದೆ. ತೂಕ ಎಷ್ಟು ಇಳಿಯಿತು ಅಂತ ಕೇಳುತ್ತಾರೆ. ಒಂದು ಕಿಲೋ ಕೂಡ ಇಲ್ಲ. ರವಿಕೆಯ ತೋಳು ಮಾತ್ರ ಬಿಗಿಯಾಗಿದೆ.

ಮನಸ್ಸಿನ ಬದಲಾವಣೆ ಬಗ್ಗೆ ದೊಡ್ಡ ಮಾತು ಆಡಲು ಹೆದರುತ್ತೇನೆ. ಇಷ್ಟು ಮಾತ್ರ ನಿಜ: ಕಂಬದ ಮೇಲೆ ಇದ್ದಾಗ ಆಫೀಸಿನ ಮೇಲ್ ನೆನಪಾಗುವುದಿಲ್ಲ. ನೆನಪಾದರೆ ಕೈ ಜಾರುತ್ತದೆ. ವಾರಕ್ಕೆ ಎರಡು ಗಂಟೆ ತಲೆ ಖಾಲಿ ಇರುವುದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ತಪ್ಪು ನೋಡಿಕೊಳ್ಳಲು ವಿಡಿಯೋ ಮಾಡಿ. ಆದರೆ ಅದು ಫ್ಯಾಮಿಲಿ ಗ್ರೂಪಿಗೆ ಹೋಗದಂತೆ ಬೇರೆ ಫೋಲ್ಡರಿನಲ್ಲಿ ಬೀಗ ಹಾಕಿಡಿ. ಸಣ್ಣ ಊರು. ರಾತ್ರಿ ದೀಪ ಹಾಕಿ ಅಭ್ಯಾಸ ಮಾಡುವಾಗ ಪರದೆ ಎಳೆಯುವುದನ್ನೂ ಮರೆಯಬೇಡಿ.

ತಲೆಕೆಳಗೆ ಮತ್ತು ವಾಪಸ್ಸು

ತಲೆಕೆಳಗಾಗಲು ಅವಸರ ಬೇಡ. ಎರಡೂ ಬದಿಯಿಂದ ಸೂರಿನವರೆಗೆ ಮೂರು ಸಲ ಹತ್ತಿ ಇಳಿಯಲು ಬರಬೇಕು. ಕಂಬ ಹಿಡಿದು, ಮಂಡಿಗಳನ್ನು ಎದೆಗೆ ಎಳೆದು, ಹತ್ತು ಸೆಕೆಂಡು ಅಲ್ಲಾಡದೆ ಇರಲು ಬರಬೇಕು. ಕಾಲು ಒದ್ದು ಮೇಲೆ ಹೋಗುವುದಾದರೆ ನೀವಿನ್ನೂ ತಯಾರಾಗಿಲ್ಲ. ಹೊಟ್ಟೆಯ ಬಲದಿಂದ ನಿಧಾನಕ್ಕೆ ಹೋಗಬೇಕು. ಕೆಳಗೆ ಮ್ಯಾಟ್, ಪಕ್ಕದಲ್ಲಿ ಕಲಿತ ಒಬ್ಬರು, ಎರಡೂ ಕಡ್ಡಾಯ. ಒಬ್ಬರೇ ಮನೆಯಲ್ಲಿದ್ದಾಗ ಎಂದೂ ಬೇಡ.

ಮೇಲೆ ಹೋಗುವ ಮೊದಲು ಇಳಿಯುವುದು ಹೇಗೆ ಅಂತ ಬಾಯಲ್ಲಿ ಹೇಳಿಕೊಳ್ಳಿ. ತಲೆಕೆಳಗೆ ಇದ್ದಾಗ ಎಡ ಬಲ ತಿಳಿಯುವುದಿಲ್ಲ. ಕೈ ದಣಿದರೆ ಬಿಡಬೇಡಿ, ಮಂಡಿ ಎದೆಗೆ ಎಳೆದು, ಬಂದ ದಾರಿಯಲ್ಲೇ ಕಾಲು ನೆಲಕ್ಕೆ ತನ್ನಿ. ಎತ್ತರದಿಂದ ಇಳಿಯುವಾಗ ಸರ್ರನೆ ಜಾರಿದರೆ ತೊಡೆ ಸುಟ್ಟುಹೋಗುತ್ತದೆ. ಹತ್ತಿದ ಹಾಗೆಯೇ, ಕೈ ಕಾಲು ಒಂದೊಂದಾಗಿ ಇಳಿಯಿರಿ. ಕಾಲು ನೆಲ ಮುಟ್ಟಿದ ಮೇಲೂ ಒಂದು ನಿಮಿಷ ಕಂಬ ಹಿಡಿದೇ ನಿಲ್ಲಿ, ರಕ್ತ ಇಳಿಯಲಿ. ಆಮೇಲೆ ಕಂಬ ಒರೆಸಿಡಿ. ಬೆವರಿನ ಉಪ್ಪಿಗೂ ಕಡಲ ಉಪ್ಪಿಗೂ ಸ್ಟೀಲು ಭೇದ ಮಾಡುವುದಿಲ್ಲ. ಮಳೆಗಾಲವಾದರೆ ಅಮ್ಮನ ಹಗ್ಗವನ್ನು ವಾಪಸ್ಸು ಕಟ್ಟಿಬಿಡಿ.